ಒಂಟಿಗಣ್ಣಿನ ಕ್ಯಾಮೆರಾ ದೂರವನ್ನು ಕಲಿತ ಕಥೆ

ಕೆಲವು ತಿಂಗಳುಗಳಿಂದ ಈ ಪುಟದಲ್ಲಿ ಏನನ್ನೂ ಬರೆಯಲಾಗಿರಲಿಲ್ಲ. ಕಾರಣ ನಿಮ್ಮಲ್ಲಿ ಕೆಲವರಿಗೆ ತಿಳಿದೇ ಇದೆ. ಕಳೆದ ದೀಪಾವಳಿಯ ಮರುವಾರ ನನ್ನ ಎಡಗಣ್ಣಿನ ಅಕ್ಷಿಪಟಲದ ರಕ್ತನಾಳವೊಂದು ಮುಚ್ಚಿಕೊಂಡು, ಆ ಕಣ್ಣಿನ ದೃಷ್ಟಿ ಬಹುಪಾಲು ನಂದಿಹೋಯಿತು. ಬಲಗಣ್ಣು ಚೆನ್ನಾಗಿದೆ, ಓದುಬರಹಕ್ಕೆ ತೊಂದರೆಯಿಲ್ಲ. "ಒಂದೇ ಕಣ್ಣಿಗೆ ಅಭ್ಯಾಸವಾಗಲು ಕೆಲವು ತಿಂಗಳು ಬೇಕಾಗುತ್ತದೆ, ಮೆಟ್ಟಿಲಿಳಿಯುವಾಗ ಎಚ್ಚರವಿರಲಿ" ಎಂದು ವೈದ್ಯರು ಹೇಳಿ ಕಳುಹಿಸಿದರು.

ಆ ಮಾತಿನ ಅರ್ಥ ತಿಳಿದದ್ದು ಮರುದಿನ ಬೆಳಗ್ಗೆ. ಡಿಕಾಕ್ಷನ್ನಿಗೆ ಹಾಲು ಬೆರೆಸಲು ಹೋದವನು ಅದನ್ನು ಲೋಟದ ಆಚೆಗೆ, ಮೇಜಿನ ಮೇಲೆ ಸುರಿದೆ. ಲೋಟ ಕಾಣುತ್ತಿತ್ತು, ಹಾಲಿನ ಪಾತ್ರೆಯೂ ಕಾಣುತ್ತಿತ್ತು; ಅವೆರಡರಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ನಮ್ಮ ಮನೆಯವರು ಏನೂ ಅನ್ನದೆ ಬಟ್ಟೆ ತಂದು ಒರೆಸಿದರು. ಅಂದು ನನಗೆ ಹಳೆಯದೊಂದು ನೆನಪು ಚುಚ್ಚಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇದಾದ ಮೇಲೆ ಒಂದು ಭಾನುವಾರ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕ್ಷೇತ್ರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಯೋಗಕ್ಷೇಮ ವಿಚಾರಿಸಲು ಬಂದ. ಗೋಡೆಯ ಮೇಲೆ ತೂಗುಹಾಕಿದ್ದ 1992ರ ಹತ್ತನೆಯ ತರಗತಿಯ ಸಮೂಹಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ತನ್ನ ಲ್ಯಾಪ್‌ಟಾಪಿನಲ್ಲಿ ಅದೇನೋ ಮಾಡಿ, "ನೋಡಿ ಸಾರ್" ಎಂದು ತೋರಿಸಿದ. ತೆರೆಯ ಮೇಲೆ ಮುಖಗಳಿರಲಿಲ್ಲ. ನೆಲದ ಮೇಲೆ ಕುಳಿತ ಮೊದಲ ಸಾಲಿನ ಹುಡುಗರೆಲ್ಲ ಬಿಳಿಯ ಆಕೃತಿಗಳು. ಕುರ್ಚಿಯಲ್ಲಿದ್ದ ನಾವು ಉಪಾಧ್ಯಾಯರು ತುಸು ಬೂದು. ಬೆಂಚಿನ ಮೇಲೆ ನಿಂತ ಹಿಂದಿನ ಸಾಲು ಇನ್ನೂ ಬೂದು. ಶಾಲೆಯಾಚೆಗಿನ ಬೇವಿನ ಮರ ಕಡುಗಪ್ಪು. ಹತ್ತಿರವಿದ್ದಷ್ಟೂ ಬಿಳುಪು, ದೂರವಿದ್ದಷ್ಟೂ ಕಪ್ಪು ಎಂದು ಅವನು ವಿವರಿಸಿದ.

"ಇದು ಸಾಧ್ಯವಿಲ್ಲಯ್ಯಾ. ಒಂದೇ ಕ್ಯಾಮೆರಾ, ಒಂದೇ ಚಿತ್ರ. ಅದರಲ್ಲಿ ದೂರದ ಮಾಹಿತಿ ಎಲ್ಲಿದೆ?" ಎಂದೆ.

"ಸಾಧ್ಯವಿಲ್ಲ ಅನ್ನೋದು ಸರೀನೇ ಸಾರ್. ಇದು ಅಳೆಯೋದಿಲ್ಲ, ಊಹಿಸುತ್ತೆ. ಊಹಿಸೋದನ್ನ ಕಲಿಸಿದ್ದಾರೆ" ಎಂದ.

ಕಲಿಸಿದ್ದಾರೆ ಎಂಬ ಮಾತು ಮೇಷ್ಟರ ಕಿವಿಗೆ ಬಿದ್ದ ಮೇಲೆ ಸುಮ್ಮನಿರಲಾದೀತೆ? ಅಲ್ಲಿಂದೀಚೆಗೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು, ನಾನು ಸಾಧ್ಯವಿಲ್ಲ ಎಂದದ್ದೇಕೆ ಎಂಬುದನ್ನು ನೋಡೋಣ. ಸೂಜಿರಂಧ್ರ ಕ್ಯಾಮೆರಾದ ಪಾಠವನ್ನೂ ಸಮರೂಪ ತ್ರಿಭುಜಗಳನ್ನೂ ನೆನಪಿಸಿಕೊಳ್ಳಿ. 15 ಮೀಟರ್ ದೂರದಲ್ಲಿ ನಿಂತ ಒಂದೂವರೆ ಮೀಟರ್ ಎತ್ತರದ ಬಾಲಕನೂ, 30 ಮೀಟರ್ ದೂರದಲ್ಲಿರುವ 3 ಮೀಟರ್ ಎತ್ತರದ ಕಂಬವೂ ರಂಧ್ರದ ಹಿಂದಿನ ಪರದೆಯ ಮೇಲೆ ಒಂದೇ ಎತ್ತರದ ಬಿಂಬವನ್ನು ಮೂಡಿಸುತ್ತವೆ. ಬಿಂಬದಿಂದ ಹಿಂದಕ್ಕೆ ಹೋಗಿ ಇದು ಹತ್ತಿರದ ಸಣ್ಣದೋ ದೂರದ ದೊಡ್ಡದೋ ಎಂದು ಹೇಳಲು ಯಾವ ಸೂತ್ರವೂ ಇಲ್ಲ. ಒಂದು ಸಮೀಕರಣದಲ್ಲಿ ಎರಡು ಅವ್ಯಕ್ತಗಳಿದ್ದರೆ ಏನಾಗುತ್ತದೆಯೋ ಅದೇ ಇಲ್ಲಿಯೂ.

ಎರಡನೆಯ ಸಮೀಕರಣ ಬೇಕೆಂದರೆ ಎರಡನೆಯ ಸ್ಥಳದಿಂದ ನೋಡಬೇಕು. ಶ್ರೀರಂಗಪಟ್ಟಣ ಪತನವಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಏಳು ಮೈಲಿಗಿಂತ ಉದ್ದದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆಸಿದ. ಅಂಥ ರೇಖೆಯ ಎರಡು ತುದಿಗಳಿಂದ ದೂರದ ಬೆಟ್ಟವನ್ನು ನೋಡಿ ಎರಡು ಕೋನಗಳನ್ನು ಅಳೆದರೆ, ಬೆಟ್ಟದ ಬುಡಕ್ಕೆ ಹೋಗದೆಯೇ ಅದರ ದೂರ ದೊರೆಯುತ್ತದೆ. ನಮ್ಮ ಎರಡು ಕಣ್ಣುಗಳೂ ಸುಮಾರು ಆರು ಸೆಂಟಿಮೀಟರ್ ಉದ್ದದ ಆಧಾರರೇಖೆಯ ಎರಡು ತುದಿಗಳೇ. ರೇಖೆ ಕಿರಿದಾದ್ದರಿಂದ ಕೈಯಳತೆಯ ದೂರದಲ್ಲಿ ಅವುಗಳ ಲೆಕ್ಕ ಬಹಳ ನಿಖರ. ದೂರ ಹೆಚ್ಚಿದಂತೆಲ್ಲ ದುರ್ಬಲ. ನನಗೆ ಬೇವಿನ ಮರ ಮೊದಲಿನಂತೆಯೇ ಕಂಡು, ಕಾಫಿಲೋಟ ಮಾತ್ರ ಕೈತಪ್ಪಿದ್ದು ಇದರಿಂದಲೇ.

ಹಾಗಾದರೆ ಒಂದು ಕಣ್ಣಿಗೆ ಬೇವಿನ ಮರ ದೂರದ್ದೆಂದು ತಿಳಿಯುವುದಾದರೂ ಹೇಗೆ? ಈ ಪ್ರಶ್ನೆ ಕ್ಯಾಮೆರಾಕ್ಕಿಂತ ಬಹಳ ಹಳೆಯದು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲಸಿದ್ದ ಇಬ್ನ್ ಅಲ್ ಹೈಥಮ್, ಸುಮಾರು 1011ರಿಂದ 1021ರ ನಡುವೆ ಬೆಳಕಿನ ಬಗ್ಗೆ ಒಂದು ಮಹಾಗ್ರಂಥವನ್ನು ರಚಿಸಿದ. ದೂರವೆಂಬುದು ಕಣ್ಣಿಗೆ ನೇರವಾಗಿ ಕಾಣುವ ವಸ್ತುವಲ್ಲ, ಮನಸ್ಸು ಮಾಡಿಕೊಳ್ಳುವ ತೀರ್ಮಾನ ಎಂಬುದು ಅವನ ಅಭಿಪ್ರಾಯ. ಅದಕ್ಕೆ ಅವನು ಮೋಡಗಳ ಉದಾಹರಣೆ ಕೊಡುತ್ತಾನೆ. ಬಯಲಿನಲ್ಲಿ ನಿಂತವನಿಗೆ ಮೋಡ ಎಷ್ಟು ದೂರವೆಂದು ತಿಳಿಯದು. ಬೆಟ್ಟಗಳ ನಾಡಿನಲ್ಲಿ ಅದೇ ಮೋಡ ಶಿಖರವನ್ನು ಮುಚ್ಚಿದಾಗ ಅದು ಶಿಖರಕ್ಕಿಂತ ಈಚೆಗಿದೆಯೆಂದು ತಿಳಿದುಹೋಗುತ್ತದೆ. ನಮಗೂ ವಸ್ತುವಿಗೂ ನಡುವೆ ಹಾಸಿಕೊಂಡಿರುವ ಪರಿಚಿತ ನೆಲವೇ ದೂರದ ಅಳತೆಗೋಲು ಎಂದು ಅವನು ಕಂಡುಕೊಂಡಿದ್ದ.

ನಾಲ್ಕು ಶತಮಾನಗಳ ಬಳಿಕ ಇಟಲಿಯ ಫ್ಲಾರೆನ್ಸ್ ನಗರದ ಕಲಾವಿದರು ಇದೇ ಪ್ರಶ್ನೆಯನ್ನು ತಿರುಗಿಸಿ ಹಾಕಿದರು: ಚಪ್ಪಟೆ ಹಲಗೆಯ ಮೇಲೆ ದೂರವನ್ನು ತೋರಿಸುವುದು ಹೇಗೆ? ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಅಲ್ಲಿನ ಕ್ರೈಸ್ತ ದೀಕ್ಷಾಮಂದಿರವನ್ನು ಒಂದು ಹಲಗೆಯ ಮೇಲೆ ಚಿತ್ರಿಸಿ, ಅದರಲ್ಲೊಂದು ಚಿಕ್ಕ ರಂಧ್ರ ಕೊರೆದ. ನೋಡುವವನು ಹಲಗೆಯ ಹಿಂದಿನಿಂದ ಆ ರಂಧ್ರಕ್ಕೆ ಒಂದೇ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ಕಾಣಬೇಕು. ಆಗ ಚಿತ್ರ ನಿಜವಾದ ಕಟ್ಟಡದಂತೆಯೇ ತೋರುತ್ತಿತ್ತಂತೆ. ಎರಡೂ ಕಣ್ಣಿಟ್ಟು ನೋಡಿದ್ದರೆ ಹಲಗೆ ಚಪ್ಪಟೆಯೆಂಬ ಗುಟ್ಟು ಬಯಲಾಗುತ್ತಿತ್ತು. 1435ರಲ್ಲಿ ಅಲ್ಬರ್ಟಿ ಈ ವಿದ್ಯೆಗೆ ನಿಯಮಗಳನ್ನು ಬರೆದಿಟ್ಟ. ದೂರ ಸರಿದಂತೆ ಕಿರಿದಾಗುವ ನೆಲದ ಚೌಕಗಳು, ಒಂದೇ ಬಿಂದುವಿನಲ್ಲಿ ಕೂಡುವ ಸಮಾಂತರ ರೇಖೆಗಳು ಇವೆಲ್ಲ ಒಂಟಿಗಣ್ಣಿಗೆ ದೊರೆಯುವ ಸುಳಿವುಗಳು. ನಮ್ಮ ಚಿತ್ರಕಲಾ ಮೇಷ್ಟರು ರೈಲುಹಳಿ ಬರೆಸುತ್ತಿದ್ದದ್ದು ಈ ಪಾಠಕ್ಕೇ.

ಸುಳಿವುಗಳನ್ನು ಓದುವ ಬುದ್ಧಿ ಹುಟ್ಟಿನಿಂದ ಬರುತ್ತದೆಯೋ ಕಲಿತು ಬರುತ್ತದೆಯೋ? 1709ರಲ್ಲಿ ಜಾರ್ಜ್ ಬರ್ಕ್ಲಿ ಎಂಬ ತತ್ತ್ವಜ್ಞಾನಿ ದೃಷ್ಟಿಯ ಕುರಿತು ಒಂದು ಪ್ರಬಂಧ ಬರೆದು, ದೂರವು ಕಣ್ಣಿಗೆ ತುದಿಯನ್ನು ಮಾತ್ರ ತೋರಿಸುವ ಗೆರೆಯಂಥದು, ಅದು ಗಜ ಉದ್ದವಿರಲಿ ಯೋಜನ ಉದ್ದವಿರಲಿ ಕಣ್ಣೊಳಗೆ ಬೀಳುವುದು ಒಂದೇ ಚುಕ್ಕೆ ಎಂದು ವಾದಿಸಿದ. ಮುಟ್ಟಿ, ನಡೆದು, ಎಡವಿ ಪಡೆದ ಅನುಭವವೇ ಕಣ್ಣಿಗೆ ದೂರವನ್ನು ಕಲಿಸುತ್ತದೆ ಎಂಬುದು ಅವನ ಮತ. 1728ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಚೆಸೆಲ್ಡೆನ್ ಒಬ್ಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದ. ತೀರ ಚಿಕ್ಕಂದಿನಿಂದ ಪೊರೆಯಿಂದ ಅಂಧನಾಗಿದ್ದ ಆ ಹುಡುಗನಿಗೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮೊದಲು ಒಂದು ಕಣ್ಣಿಗೆ ಶಸ್ತ್ರಕ್ರಿಯೆ ನಡೆಯಿತು. ಬೆಳಕು ಬಂದಾಗ ಅವನಿಗೆ ಎಲ್ಲ ವಸ್ತುಗಳೂ ತನ್ನ ಕಣ್ಣನ್ನೇ ಬಂದು ತಾಗುತ್ತಿವೆ ಎನಿಸಿತಂತೆ! ಎರಡು ತಿಂಗಳ ಮೇಲೆ, ಚಿತ್ರಪಟಗಳು ಉಬ್ಬುತಗ್ಗಿನ ವಸ್ತುಗಳನ್ನು ತೋರಿಸುತ್ತವೆಯೆಂದು ಅರ್ಥವಾದಾಗ, ಅವನ್ನು ಮುಟ್ಟಿ ಚಪ್ಪಟೆಯಾಗಿರುವುದನ್ನು ಕಂಡು ಬೆರಗಾದನಂತೆ. ಇದನ್ನು ಓದಿದಾಗ ನನ್ನ ಕಣ್ಣು ತೇವವಾಯಿತು. ನಾವೆಲ್ಲ ತೊಟ್ಟಿಲಲ್ಲಿ ಕಲಿತು ಮರೆತ ಪಾಠವನ್ನು ಆ ಹುಡುಗ ಎಚ್ಚರವಿದ್ದು ಕಲಿಯಬೇಕಾಯಿತಲ್ಲ!

ಎರಡು ಕಣ್ಣುಗಳ ಮಹಿಮೆಯನ್ನು ಸ್ಪಷ್ಟವಾಗಿ ತೋರಿಸಿದವನು ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ ಸ್ಟೀರಿಯೊಸ್ಕೋಪಿನಲ್ಲಿ ತುಸು ಭಿನ್ನವಾದ ಎರಡು ರೇಖಾಚಿತ್ರಗಳನ್ನು ಎರಡು ಕಣ್ಣುಗಳಿಗೆ ಬೇರೆ ಬೇರೆಯಾಗಿ ತೋರಿಸಿದರೆ, ಘನವಸ್ತುವೊಂದು ಎದ್ದು ನಿಲ್ಲುತ್ತಿತ್ತು. ಆದರೆ ಒಂಟಿಗಣ್ಣಿನವರ ಲೋಕವೇನೂ ಚಪ್ಪಟೆಯಲ್ಲ. ಅಮೆರಿಕದ ವೈಲಿ ಪೋಸ್ಟ್ 1926ರಲ್ಲಿ ತೈಲಬಾವಿಯ ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡು, ಬಂದ ಪರಿಹಾರಧನದಲ್ಲಿ ವಿಮಾನ ಕೊಂಡವನು. ಗುಡ್ಡವೋ ಮರವೋ ಕಂಡರೆ ಅದರ ದೂರವನ್ನು ಊಹಿಸುವುದು, ಆಮೇಲೆ ಹೆಜ್ಜೆಯಿಟ್ಟು ಅಳೆದು ತಪ್ಪನ್ನು ತಿದ್ದಿಕೊಳ್ಳುವುದು ಅವನ ಅಭ್ಯಾಸವಾಗಿತ್ತೆಂದು ಹೇಳುತ್ತಾರೆ. 1933ರಲ್ಲಿ ಅವನು ಒಬ್ಬನೇ ವಿಮಾನ ನಡೆಸಿ ಎಂಟು ದಿನಗಳೊಳಗೆ ಭೂಮಿಯನ್ನು ಸುತ್ತಿಬಂದ ಮೊದಲಿಗನಾದ. ನಮ್ಮ ಮನ್ಸೂರ್ ಅಲಿ ಖಾನ್ ಪಟೌಡಿಯವರನ್ನು ನಮ್ಮ ತಲೆಮಾರಿನವರು ಮರೆಯುವುದುಂಟೆ? 1961ರ ಜುಲೈನಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು. ಅದೇ ಡಿಸೆಂಬರಿನಲ್ಲಿ ಟೆಸ್ಟ್ ಆಡಿದರು. ಮುಂದಿನ ಮಾರ್ಚಿನಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತ ತಂಡದ ನಾಯಕರಾದರು.

ವೈಲಿ ಪೋಸ್ಟ್‌ನ ಆ ಅಭ್ಯಾಸವನ್ನು ನೆನಪಿನಲ್ಲಿಡಿ: ಊಹಿಸು, ಅಳೆ, ತಿದ್ದಿಕೋ. ಯಂತ್ರದ ಕಥೆಯೂ ಕಡೆಗೆ ಅಲ್ಲಿಗೇ ಬಂದು ಸೇರುತ್ತದೆ.

ಆದರೆ ಮೊದಲು ಯಂತ್ರಕ್ಕೆ ಕಲಿಸಹೊರಟವರು ಆ ದಾರಿ ಹಿಡಿಯಲಿಲ್ಲ, ಸೂತ್ರಗಳನ್ನೇ ಕೊಟ್ಟರು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಲಾರೆನ್ಸ್ ರಾಬರ್ಟ್ಸ್ ಎಂಬ ಯುವಕ 1963ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ, ಒಂದೇ ಛಾಯಾಚಿತ್ರದಿಂದ ಘನಾಕೃತಿಗಳನ್ನು ಗುರುತಿಸುವ ಕಂಪ್ಯೂಟರ್ ಕ್ರಮವಿಧಿಯೊಂದನ್ನು ಬರೆದ. ಮುಂದೆ ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್ಟಿನ ನಿರ್ಮಾಣದಲ್ಲಿ ಮುಂದಾಳಾದವನೂ ಇವನೇ. ಅವನ ಯಂತ್ರದ ಲೋಕದಲ್ಲಿದ್ದದ್ದು ಘನ, ಬೆಣೆ, ಷಟ್ಕೋನ ಸ್ತಂಭಗಳಂಥ ಕಟ್ಟಿಗೆ ತುಂಡುಗಳು ಮಾತ್ರ. ಅವುಗಳ ಆಕಾರ ಮೊದಲೇ ಗೊತ್ತು. ಅವು ಗಾಳಿಯಲ್ಲಿ ತೇಲದೆ ನೆಲದ ಮೇಲೋ ಇನ್ನೊಂದರ ಮೇಲೋ ಕುಳಿತಿರುತ್ತವೆಂಬ ನಂಬಿಕೆಯೂ ಮೊದಲೇ ಇದೆ. ಈ ಮುನ್ನರಿವಿನ ಬಲದಿಂದ ಅದು ದೂರವನ್ನು ಲೆಕ್ಕಹಾಕುತ್ತಿತ್ತು. 1966ರ ಬೇಸಿಗೆಯಲ್ಲಿ ಅದೇ ಎಂಐಟಿಯಲ್ಲಿ, ದೃಷ್ಟಿಯ ಸಮಸ್ಯೆಯ ಒಂದು ದೊಡ್ಡ ಪಾಲನ್ನು ವಿದ್ಯಾರ್ಥಿಗಳ ಕೈಯಲ್ಲಿ ರಜೆಯಲ್ಲೇ ಮಾಡಿಸಬಹುದೆಂಬ ಯೋಜನೆ ಹಾಕಿದರಂತೆ! ಬೇಸಿಗೆ ರಜೆಗೆ ಹೋಂವರ್ಕ್ ಕೊಟ್ಟು ಜೂನಿನಲ್ಲಿ ಖಾಲಿ ಪುಸ್ತಕಗಳನ್ನು ಕಂಡ ನನಗೆ ಇದನ್ನೋದಿ ನಗು ತಡೆಯಲಾಗಲಿಲ್ಲ. 1970ರಲ್ಲಿ ಬರ್ಟೋಲ್ಡ್ ಹಾರ್ನ್ ಎಂಬುವನು ಮೇಲ್ಮೈಯ ಮೇಲೆ ಬೆಳಕು ಏರಿಳಿಯುವ ರೀತಿಯಿಂದಲೇ ಅದರ ಉಬ್ಬುತಗ್ಗನ್ನು ಕಂಡುಹಿಡಿಯುವ ಗಣಿತವನ್ನು ರಚಿಸಿದ. ಗಣಿತವೇನೋ ಸುಂದರ, ಆದರೆ ಬೆಳಕು ಎಲ್ಲಿಂದ ಬರುತ್ತಿದೆ, ಮೇಲ್ಮೈಯ ಗುಣವೇನು ಎಂಬುದು ಮೊದಲೇ ತಿಳಿದಿರಬೇಕಿತ್ತು. ಪ್ರಯೋಗಶಾಲೆಯಲ್ಲಿ ಗೆದ್ದ ಇಂಥ ವಿಧಾನಗಳು ಮರಗಿಡ, ಜನಜಂಗುಳಿ, ಕೊಳಕು ಗೋಡೆಗಳ ನಿಜಲೋಕದಲ್ಲಿ ಸೋತವು.

ತಿರುವು ಬಂದದ್ದು 2005ರಲ್ಲಿ. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಅಶುತೋಷ್ ಸಕ್ಸೇನಾ, ಸಹವಿದ್ಯಾರ್ಥಿ ಚುಂಗ್ ಮತ್ತು ಪ್ರಾಧ್ಯಾಪಕ ಆಂಡ್ರ್ಯೂ ಇಂಗ್ ಅವರೊಂದಿಗೆ ಸೂತ್ರಗಳನ್ನು ಬದಿಗಿಟ್ಟು ಉದಾಹರಣೆಗಳನ್ನು ಕೈಗೆತ್ತಿಕೊಂಡರು. ಮರಗಳು, ಕಟ್ಟಡಗಳು, ಕಾಲುದಾರಿಗಳ 425 ಚಿತ್ರಗಳನ್ನು ತೆಗೆದು, ಜೊತೆಜೊತೆಗೇ ಲೇಸರ್ ಯಂತ್ರದಿಂದ ಪ್ರತಿಯೊಂದು ದೃಶ್ಯದ ನಿಜವಾದ ದೂರಗಳನ್ನೂ ಅಳೆದರು. ಆ ಲೇಸರ್ 81 ಮೀಟರಿನವರೆಗೆ ಅಳೆಯಬಲ್ಲದಾಗಿತ್ತು. ಚಿತ್ರವೇ ಪ್ರಶ್ನೆ, ಲೇಸರಿನ ಅಳತೆಯೇ ಉತ್ತರ. ಬಹುಪಾಲು ಪ್ರಶ್ನೋತ್ತರಗಳನ್ನು ಕೊಟ್ಟು ಕಲಿಸಿ, ಉಳಿದವುಗಳಲ್ಲಿ ಪರೀಕ್ಷೆ ನಡೆಸಿದರು. ಹುಲ್ಲಿನ ಎಳೆಗಳು ಹತ್ತಿರದಲ್ಲಿ ಬಿಡಿಬಿಡಿಯಾಗಿ, ದೂರದಲ್ಲಿ ಬರಿಯ ಹಸಿರಾಗಿ ಕಾಣುವಂಥ ಸುಳಿವುಗಳಿಂದ ಯಂತ್ರ ದೂರವನ್ನು ತಕ್ಕಮಟ್ಟಿಗೆ ಹೇಳಿತು. ಅದೇ ವರ್ಷ ಅದೇ ತಂಡದವರು ಒಂದೇ ಕ್ಯಾಮೆರಾ ಹೊತ್ತ ಚಿಕ್ಕ ಆಟಿಕೆ ಕಾರೊಂದನ್ನು ಮರಗಳ ನಡುವೆ ಡಿಕ್ಕಿಯಾಗದಂತೆ ವೇಗವಾಗಿ ಓಡಿಸಿದ ಪ್ರಯೋಗವನ್ನೂ ಪ್ರಕಟಿಸಿದರು.

ಆಮೇಲೆ ಹೊಳೆಯೇ ಹರಿಯಿತು. ಜರ್ಮನಿಯ ಕಾರ್ಲ್ಸ್‌ರೂಹ ನಗರದ ರಸ್ತೆಗಳಲ್ಲಿ ಕ್ಯಾಮೆರಾ ಮತ್ತು ಲೇಸರ್ ಹೊತ್ತ ಕಾರು ಸಂಗ್ರಹಿಸಿದ ದೃಶ್ಯಗಳು 2012ರಲ್ಲಿ ಸಂಶೋಧಕರಿಗೆ ದೊರೆತವು. 2014ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಐಗೆನ್ ಮತ್ತು ಸಂಗಡಿಗರು ಮೆದುಳಿನ ನರಗಳ ಹೆಣಿಗೆಯಿಂದ ಪ್ರೇರಿತವಾದ ಗಣಕಜಾಲವನ್ನು ಈ ಕೆಲಸಕ್ಕೆ ಹೂಡಿದರು. ಒಂದು ಜಾಲ ಇಡೀ ದೃಶ್ಯವನ್ನು ಸ್ಥೂಲವಾಗಿ ನೋಡಿದರೆ, ಇನ್ನೊಂದು ಅಂಚುಗಳನ್ನು ತಿದ್ದುತ್ತಿತ್ತು.

ಲೇಸರ್ ಅಳತೆ ದುಬಾರಿ. ಅಳೆದು ಹೇಳುವ ಗುರುವಿಲ್ಲದೆ ಕಲಿಸಬಹುದೆ? 2016ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿದ್ದ ರವಿ ಗರ್ಗ್ ಮತ್ತು ಸಂಗಡಿಗರು ಒಂದು ಜಾಣ್ಮೆಯ ಉಪಾಯ ಕಂಡುಹಿಡಿದರು. ಪಕ್ಕಪಕ್ಕದ ಎರಡು ಕ್ಯಾಮೆರಾಗಳ ಚಿತ್ರಗಳಲ್ಲಿ ಒಂದನ್ನು ಮಾತ್ರ ಯಂತ್ರಕ್ಕೆ ತೋರಿಸಿ ದೂರವನ್ನು ಊಹಿಸಲು ಹೇಳುವುದು; ಆ ಊಹೆಯನ್ನು ಬಳಸಿ ಇನ್ನೊಂದು ಚಿತ್ರವನ್ನು ಜರುಗಿಸಿ, ಮೊದಲನೆಯದನ್ನು ಮತ್ತೆ ಕಟ್ಟಿನೋಡುವುದು. ಹೊಂದಿಕೆಯಾಗದಿದ್ದರೆ ಊಹೆ ತಪ್ಪು, ತಿದ್ದಿಕೊಳ್ಳಬೇಕು. ಕಲಿಯುವಾಗ ಎರಡು ಕಣ್ಣು; ಕಲಿತಾದ ಮೇಲೆ ಒಂದೇ ಸಾಕು! ಅರವತ್ತು ದಾಟುವವರೆಗೆ ಎರಡು ಕಣ್ಣಿನಲ್ಲಿ ಕಲಿತು ಈಗ ಒಂದರಲ್ಲಿ ಬಾಳುತ್ತಿರುವ ನನಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇರೆ ಬೇಕಿಲ್ಲ. ಮರುವರ್ಷವೇ ಒಂದೇ ಕ್ಯಾಮೆರಾ ಚಲಿಸುತ್ತಾ ತೆಗೆದ ವಿಡಿಯೋದಿಂದಲೂ ಇದನ್ನು ಕಲಿಸಬಹುದೆಂದು ಇತರರು ತೋರಿಸಿದರು. 2024ರಲ್ಲಿ ಹಾಂಗ್‌ಕಾಂಗ್ ಮೊದಲಾದೆಡೆಯ ಸಂಶೋಧಕರು ಹದಿನೈದು ಲಕ್ಷ ಅಳತೆಯುಳ್ಳ ಚಿತ್ರಗಳಿಂದ ಮೊದಲು ಒಂದು ಗುರುಯಂತ್ರವನ್ನು ತಯಾರಿಸಿ, ಅದರ ಕೈಯಿಂದ ಆರು ಕೋಟಿಗೂ ಹೆಚ್ಚು ಅಳತೆಯಿಲ್ಲದ ಚಿತ್ರಗಳಿಗೆ ಉತ್ತರ ಬರೆಸಿ, ಶಿಷ್ಯಯಂತ್ರಕ್ಕೆ ಪಾಠ ಹೇಳಿಸಿದರು. ಗುರು, ಶಿಷ್ಯ ಎಂಬ ಪದಗಳು ನನ್ನ ಸೇರ್ಪಡೆಯಲ್ಲ; ಆ ಕ್ಷೇತ್ರದವರೇ ಹಾಗೆ ಕರೆಯುತ್ತಾರೆ.

ಹಾಗಾದರೆ ಯಂತ್ರ ಕಲಿತದ್ದಾದರೂ ಏನನ್ನು? 2019ರಲ್ಲಿ ನೆದರ್‌ಲ್ಯಾಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅದಕ್ಕೊಂದು ಮೌಖಿಕ ಪರೀಕ್ಷೆ ನಡೆಸಿದರು ಎನ್ನಬಹುದು. ರಸ್ತೆಯ ದೃಶ್ಯಗಳಿಂದ ಕಲಿತ ಒಂದು ಜಾಲದ ಮುಂದೆ, ವಾಹನದ ಗಾತ್ರವನ್ನೂ ಸ್ಥಾನವನ್ನೂ ಬೇರೆ ಬೇರೆಯಾಗಿ ಬದಲಿಸಿದ ಚಿತ್ರಗಳನ್ನಿಟ್ಟರು. ಅದು ಗಾತ್ರಕ್ಕೆ ಗಮನ ಕೊಡುತ್ತಿರಲಿಲ್ಲ. ವಸ್ತು ನೆಲವನ್ನು ತಾಗುವ ಜಾಗ ಚಿತ್ರದಲ್ಲಿ ಎಷ್ಟು ಮೇಲಿದೆ ಎಂಬುದರಿಂದ ದೂರವನ್ನು ಹೇಳುತ್ತಿತ್ತು. ಸಾವಿರ ವರ್ಷಗಳ ಹಿಂದೆ ಇಬ್ನ್ ಅಲ್ ಹೈಥಮ್ ಹೇಳಿದ ನೆಲದ ಅಳತೆಗೋಲನ್ನೇ ಅದು ತಾನಾಗಿ ಹುಡುಕಿಕೊಂಡಿತ್ತು! ಆದರೆ ರಸ್ತೆಯಲ್ಲಿ ಸಾಮಾನ್ಯವಾಗಿ ಕಾಣದ ವಸ್ತುವನ್ನು ಇಟ್ಟರೆ, ಅದರ ಕೆಳಗೆ ನೆರಳಿಲ್ಲದಿದ್ದಾಗ ಕೆಲವೊಮ್ಮೆ ಆ ವಸ್ತು ಇದೆಯೆಂಬುದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಇದು ಚೆನ್ನಾಗಿ ಅಂಕ ತೆಗೆಯುವ, ಆದರೆ ಪ್ರಶ್ನೆಯನ್ನು ತಿರುಚಿ ಕೇಳಿದರೆ ತಬ್ಬಿಬ್ಬಾಗುವ ವಿದ್ಯಾರ್ಥಿಯ ಲಕ್ಷಣ. ನಮ್ಮ ಸಮೂಹಚಿತ್ರದಲ್ಲೂ ಒಂದು ತಪ್ಪಿತ್ತು. ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದ ಬೆಟ್ಟ ಮತ್ತು ದಾರಿಯನ್ನು ಯಂತ್ರ ನಿಜವೆಂದೇ ತಿಳಿದು, ಗೋಡೆಯೊಳಗೆ ಒಂದು ಕಣಿವೆಯನ್ನು ತೋಡಿಬಿಟ್ಟಿತ್ತು. ಒಂದು ಚಿತ್ರದಲ್ಲಿ ದೂರವಿಲ್ಲ ಎಂಬ ನನ್ನ ತ್ರಿಭುಜದ ಪಾಠ ಸುಳ್ಳಾಗಲಿಲ್ಲ. ಚಿತ್ರದಲ್ಲಿಲ್ಲದ್ದನ್ನು ಅನುಭವ ತುಂಬಿಕೊಡುತ್ತದೆ, ಅನುಭವವಿಲ್ಲದಲ್ಲಿ ಊಹೆ ಮುಗ್ಗರಿಸುತ್ತದೆ.

ಈಗ ಆರಂಭದಲ್ಲಿ ಹೇಳದೆ ಉಳಿಸಿದ ಮಾತು. ಆ ಚಿತ್ರದ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ಪ್ರಯೋಗಶಾಲೆಯಲ್ಲಿ ಬೀಕರಿನಿಂದ ಪ್ರನಾಳಕ್ಕೆ ದ್ರಾವಣ ಸುರಿಯಲು ಹೇಳಿದರೆ ಸದಾ ಹೊರಗೆ ಚೆಲ್ಲುತ್ತಿದ್ದ. ಚೆಂಡು ಎಸೆದರೆ ಹಿಡಿಯಲಾಗುತ್ತಿರಲಿಲ್ಲ. ಅಜಾಗರೂಕನೆಂದು ತರಗತಿಯ ಮುಂದೆ ಬೈದು, ಎರಡು ಸಲ ಹೊರಗೆ ನಿಲ್ಲಿಸಿದ್ದೇನೆ. ವರ್ಷದ ಕೊನೆಯಲ್ಲಿ ಊರಿಗೆ ಬಂದ ನೇತ್ರ ತಪಾಸಣಾ ಶಿಬಿರದಲ್ಲಿ, ಅವನ ಎಡಗಣ್ಣು ಚಿಕ್ಕಂದಿನಿಂದಲೇ ಮಂದವೆಂದು ತಿಳಿಯಿತು. ಪಾಪವೆಂದುಕೊಂಡೆನೇ ಹೊರತು, ಚೆಲ್ಲಿದ ದ್ರಾವಣಕ್ಕೂ ಆ ಕಣ್ಣಿಗೂ ನಂಟಿದೆಯೆಂದು ವಿಜ್ಞಾನದ ಮೇಷ್ಟರಾದ ನನಗೆ ಹೊಳೆಯಲಿಲ್ಲ. ಹೊಳೆಯಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು, ನನ್ನದೇ ಕಣ್ಣು ಹೋಗಬೇಕಾಯಿತು.

ಬಂದಿದ್ದ ವಿದ್ಯಾರ್ಥಿಯಿಂದ ಅವನ ನಂಬರು ಪಡೆದು ಕರೆ ಮಾಡಿದೆ. ನಡೆದದ್ದನ್ನು ಹೇಳಿ, "ನನ್ನಿಂದ ತಪ್ಪಾಯಿತಪ್ಪಾ" ಎಂದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನೆನಪಿದೆ ಸಾರ್" ಎಂದ. ಮರೆತಿದ್ದೇನೆ ಎಂದು ಹೇಳದಿದ್ದುದೇ ಅವನು ನನಗೆ ತೋರಿದ ಗೌರವವೆಂದು ಭಾವಿಸುತ್ತೇನೆ. ಬಳಿಕ ಕೇಳಿದ: "ಕಾಫಿ ಹೇಗೆ ಬಗ್ಗಿಸಿಕೊಳ್ತೀರಿ? ಪಾತ್ರೆ ಅಂಚನ್ನ ಮೊದಲು ಲೋಟದ ಅಂಚಿಗೆ ತಾಗಿಸಿ ಸಾರ್, ಆಮೇಲೆ ಬಗ್ಗಿಸಿ. ನಾನು ಚಿಕ್ಕಂದಿನಿಂದ ಹಾಗೇ ಮಾಡೋದು."

ಬರ್ಕ್ಲಿ ಮುನ್ನೂರು ವರ್ಷಗಳ ಹಿಂದೆ ಹೇಳಿದ್ದೂ ಅದನ್ನೇ, ಕಣ್ಣಿಗೆ ಕಲಿಸುವುದು ಕೈ. ಈಗ ನಾನು ಹಾಗೆಯೇ ಬಗ್ಗಿಸಿಕೊಳ್ಳುತ್ತೇನೆ, ಹಾಲು ಚೆಲ್ಲುವುದಿಲ್ಲ.

ನಿಮ್ಮಲ್ಲಿ ಹಲವರು ಇಂದು ಉಪಾಧ್ಯಾಯರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಮಗುವೊಂದು ಪದೇ ಪದೇ ಚೆಲ್ಲುತ್ತಿದ್ದರೆ, ಎಡವುತ್ತಿದ್ದರೆ, ಚೆಂಡು ಬಿಡುತ್ತಿದ್ದರೆ, ಗದರುವ ಮೊದಲು ಒಂದೊಂದೇ ಕಣ್ಣು ಮುಚ್ಚಿಸಿ ಕರಿಹಲಗೆಯನ್ನು ಓದಿಸಿ ನೋಡಿ. ಅನುಮಾನ ಬಂದರೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಂದಗಣ್ಣಿಗೆ ಎಳವೆಯಲ್ಲಿ ಚಿಕಿತ್ಸೆ ಕೊಡಿಸಿದಷ್ಟೂ ಒಳ್ಳೆಯದು. ನಾನು ಮಾಡದೆ ಬಿಟ್ಟದ್ದನ್ನು ನೀವು ಮಾಡಿರಿ.

ಇಂತು ನಿಮ್ಮ ಮೇಷ್ಟರು.